ಬೆರಳು ನೋಯುತ್ತಿದೆಯೇ? ಮೊದಲು ತಂತಿ ನೋಡಿ

ಮಕ್ಕಳೇ, ತರೀಕೆರೆ ಸುತ್ತಿನ ಹಳ್ಳಿಗಳ ಜಾತ್ರೆಯಲ್ಲಿ ತಮಟೆಯವರನ್ನು ನೋಡಿದ್ದೀರಾ? ಬಾರಿಸುವ ಮೊದಲು ಬೆಂಕಿ ಹಾಕಿ ತಮಟೆ ಕಾಯಿಸುತ್ತಾರೆ. ಯಾಕೆಂದು ಅಜ್ಜನನ್ನು ಕೇಳಿ. ಥಂಡಿಗೆ ಸಡಿಲವಾದ ಚರ್ಮ ಕಾವಿಗೆ ಒಣಗಿ ಬಿಗಿಯಾಗುತ್ತದೆ. ಮಂಕಾಗಿದ್ದ ಸದ್ದು ಟಣ್ ಟಣ್ ಎಂದು ಊರೆಲ್ಲ ಕೇಳುತ್ತದೆ.

ತಂತಿಯ ಕಥೆಯೂ ಇದೇ. ಗಿಟಾರಿನ ತಿರುಪು ತಿರುಗಿಸಿ ತಂತಿ ಬಿಗಿ ಮಾಡಿದರೆ ಸ್ವರ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಆದರೆ ಕೆಳಗಿನ ‘ಸ’ದಿಂದ ಮೇಲಿನ ‘ಸ’ಕ್ಕೆ ಏರಬೇಕಾದರೆ ಬಿಗಿ ಎರಡು ಪಟ್ಟಾದರೆ ಸಾಲದು, ನಾಲ್ಕು ಪಟ್ಟಾಗಬೇಕು! ಫ್ರಾನ್ಸಿನ ಮರ್ಸೆನ್ 17ನೇ ಶತಮಾನದಲ್ಲೇ ಈ ಲೆಕ್ಕ ಬರೆದಿಟ್ಟ. ಅಷ್ಟು ಎಳೆದರೆ ತಂತಿ ಕಿತ್ತುಹೋಗಬಹುದು. ಅದಕ್ಕೇ ಗಿಟಾರಿನ ಆರು ತಂತಿಗಳ ದಪ್ಪ ಬೇರೆ ಬೇರೆ. ದಪ್ಪ ತಂತಿಗೆ ಕೆಳಗಿನ ಸ್ವರ, ತೆಳು ತಂತಿಗೆ ಮೇಲಿನ ಸ್ವರ.

ವೀಣೆ ನುಡಿಸುವವರ ಎಡಗೈ ಗಮನಿಸಿ. ಒಂದೇ ಮೆಟ್ಟಿಲ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದು ಮೇಲಿನ ಸ್ವರ ಹೊರಡಿಸುತ್ತಾರೆ. ಎಳೆದಾಗ ಬಿಗಿ ಹೆಚ್ಚುತ್ತದೆ, ಗಮಕ ಹುಟ್ಟುತ್ತದೆ. ತಂತಿ ವಿಪರೀತ ಬಿಗಿಯಾಗಿದ್ದರೆ ಎಳೆಯಲಾಗದು. ತೀರಾ ಸಡಿಲವಾದರೆ ಮೆಟ್ಟಿಲಿಗೆ ತಗುಲಿ ಜರ್ ಎನ್ನುತ್ತದೆ.

ಈಗ ನಿಮ್ಮ ಬೆರಳಿನ ವಿಷಯ. ಗಿಟಾರ್ ಹಿಡಿದ ಎಷ್ಟೋ ಮಕ್ಕಳು “ಬೆರಳು ಉರಿಯುತ್ತೆ, ನನ್ನ ಕೈಲಾಗಲ್ಲ” ಎಂದು ಬಿಟ್ಟುಬಿಡುತ್ತಾರೆ. ತಪ್ಪು ಮಗುವಿನದೇ ಆಗಿರಬೇಕಿಲ್ಲ. ಉಕ್ಕಿನ ಆರು ತಂತಿಗಳ ಒಟ್ಟು ಎಳೆತ ಸುಮಾರು 70 ಕಿಲೋ, ದೊಡ್ಡವರೊಬ್ಬರು ಜೋತುಬಿದ್ದ ಹಾಗೆ! ನೈಲಾನ್ ತಂತಿಗಳದ್ದು ಸುಮಾರು 40 ಕಿಲೋ. ಅವು ಬೆರಳಿಗೆ ಮೆತ್ತಗೆ, ನಾದವೂ ಮೃದು. ಉಕ್ಕಿನ ತಂತಿಯೇ ಬೇಕೆಂದರೆ ತೆಳುವಾದದ್ದು ಹಾಕಿಸಿ. ಅದೇ ಸ್ವರಕ್ಕೆ ಕಡಿಮೆ ಬಿಗಿ ಸಾಕು. ನಾದದ ತುಂಬು ಸ್ವಲ್ಪ ಕಡಿಮೆಯಾದೀತು, ಆದರೆ ಕಲಿಕೆ ನಿಲ್ಲುವುದಿಲ್ಲ. ತಂತಿ ತುಂಬ ಎತ್ತರದಲ್ಲಿದ್ದರೂ ಒತ್ತುವುದು ಕಷ್ಟ, ಅದನ್ನು ತಿಳಿದವರಿಂದ ಇಳಿಸಿಸಬಹುದು.

ಅಜ್ಜ ಅಜ್ಜಿಯರಿಗೆ ಎರಡು ಮಾತು. ನೈಲಾನ್ ತಂತಿಯ ಗಿಟಾರಿಗೆ ಉಕ್ಕಿನ ತಂತಿ ಕಟ್ಟಿಸಬೇಡಿ, ಎಳೆತ ತಾಳದೆ ಅದರ ಮರ ಬಾಗಬಹುದು. ಮಗು ತಿರುಪು ಬಿಗಿಯುವಾಗ ಮುಖವನ್ನು ತಂತಿಯಿಂದ ದೂರ ಇಟ್ಟುಕೊಳ್ಳಲಿ, ಹರಿದ ತಂತಿ ಕಣ್ಣಿಗೆ ಬಡಿದೀತು.

ಮನೆಯಲ್ಲಿ ಗಿಟಾರ್ ಇಲ್ಲವೇ? ಮುಚ್ಚಳ ತೆಗೆದ ಟಿಫಿನ್ ಡಬ್ಬಿಗೆ ರಬ್ಬರ್ ಬ್ಯಾಂಡ್ ಹಾಕಿ. ಅದರ ಒಂದು ಬದಿಯನ್ನು ಮೆಲ್ಲಗೆ ಎಳೆಯುತ್ತಾ ಡಬ್ಬಿಯ ಬಾಯಿಯ ಮೇಲೆ ಮೀಟಿ. ಸ್ವರ ಏರುವುದು ನಿಮಗೇ ಕೇಳಿಸುತ್ತದೆ. ಗಿಟಾರ್ ಇದ್ದು ಮೂಲೆ ಸೇರಿದ್ದರೆ, ಇವತ್ತೇ ಅದನ್ನು ಹೊರಗೆ ತೆಗೆಯಿರಿ. ಅಜ್ಜನ ಜೊತೆ ಕೂತು ಒಂದೊಂದೇ ತಂತಿ ಮುಟ್ಟಿ ನೋಡಿ.