ಬಿಸಿಗೆ ಗಟ್ಟಿಯಾಗುವ ಮದ್ದು

ತುಪ್ಪ ಚಳಿಗೆ ಹೆಪ್ಪುಗಟ್ಟುತ್ತದೆ, ಬಿಸಿಗೆ ಕರಗುತ್ತದೆ. ಇದಕ್ಕೆ ತೀರಾ ತಿರುಗುಮುರುಗಾದ ಒಂದು ವಸ್ತುವನ್ನು ನಾನು ಫಾರ್ಮಸಿ ಕಾಲೇಜಿನ ಲ್ಯಾಬಿನಲ್ಲಿ ಪ್ರತಿ ಬ್ಯಾಚಿಗೂ ತೋರಿಸುತ್ತೇನೆ. ಪೊಲೊಕ್ಸಾಮರ್ 407 ಎಂಬ ಬಿಳಿ ಪಾಲಿಮರ್. ಐಸಿನಲ್ಲಿಟ್ಟು ತಣ್ಣಗಾದ ನೀರಿಗೆ ನೂರಕ್ಕೆ ಇಪ್ಪತ್ತರ ಲೆಕ್ಕದಲ್ಲಿ ಅದನ್ನು ಉದುರಿಸಿ, ಕಲಕಿ, ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆ ತಿಳಿನೀರಿನಂಥ ದ್ರಾವಣ. (ಅವಸರಕ್ಕೆ ಬಿಸಿನೀರಿಗೆ ಸುರಿದವರಿಗೆ ಸಿಗುವುದು ಬರೀ ಗಂಟು.) ಆ ಸೀಸೆಯನ್ನು ಅಂಗೈಯಲ್ಲಿ ಹಿಡಿದು ಕೂತರೆ ಸ್ವಲ್ಪ ಹೊತ್ತಿಗೆ ದ್ರಾವಣ ಬಿಗಿಯುತ್ತದೆ, ಸೀಸೆ ಬೋರಲು ಹಾಕಿದರೂ ಇಳಿಯುವುದಿಲ್ಲ. ಫ್ರಿಜ್ಜಿಗೆ ಸೇರಿಸಿದರೆ ಮತ್ತೆ ನೀರು.

ಗುಟ್ಟು ಅಣುವಿನ ರಚನೆಯಲ್ಲಿದೆ. ಈ ಪಾಲಿಮರಿನ ಎರಡೂ ತುದಿಗಳಿಗೆ ನೀರೆಂದರೆ ಇಷ್ಟ, ನಡುಭಾಗಕ್ಕೆ ಅಷ್ಟಕ್ಕಷ್ಟೆ. ತಂಪಿನಲ್ಲಿ ನಡುಭಾಗವೂ ಹೇಗೋ ನೀರಿನೊಂದಿಗೆ ಹೊಂದಿಕೊಂಡಿರುತ್ತದೆ. ಬಿಸಿ ಏರಿದಾಗ ಅದು ನೀರನ್ನು ಬಿಟ್ಟು ತನ್ನಂಥವನ್ನೇ ಕೂಡಿಕೊಂಡು ಸಣ್ಣ ಸಣ್ಣ ಉಂಡೆಗಳಾಗುತ್ತದೆ. ಉಂಡೆಗಳು ಒತ್ತೊತ್ತಾಗಿ ಸೇರಿದವೋ, ಜೆಲ್ ತಯಾರು.

‘ಇದರಿಂದ ಏನುಪಯೋಗ ಸರ್?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗ ಜೆಲ್‌ಮೈಟೊ ಎಂಬ ಮದ್ದಿನ ಕಥೆ ಹೇಳುತ್ತೇನೆ. ಮೂತ್ರಪಿಂಡದಿಂದ ಮೂತ್ರ ಇಳಿಯುವ ದಾರಿಯ ಮೇಲ್ಭಾಗದಲ್ಲಿ, ಒಳಪದರಕ್ಕೆ ಒಂದು ಬಗೆಯ ಕ್ಯಾನ್ಸರ್ ಬರುತ್ತದೆ. ಅದಕ್ಕೆ ಮೈಟೊಮೈಸಿನ್ ಎಂಬ ಹಳೆಯ ಮದ್ದು ಗೊತ್ತಿತ್ತು. 1950ರ ದಶಕದಲ್ಲಿ ಜಪಾನಿನಲ್ಲಿ ಸೂಕ್ಷ್ಮಜೀವಿಯೊಂದರಿಂದ ತೆಗೆದದ್ದು. ಆದರೆ ನೀರಿನಲ್ಲಿ ಕಲಸಿ ಅಲ್ಲಿಗೆ ಬಿಟ್ಟರೆ ಹರಿಯುವ ಮೂತ್ರ ಅದನ್ನು ತೊಳೆದುಕೊಂಡು ಹೋಗುತ್ತದೆ. ಎಷ್ಟೋ ರೋಗಿಗಳಿಗೆ ಮೂತ್ರಪಿಂಡವನ್ನೂ ಮೂತ್ರನಾಳವನ್ನೂ ತೆಗೆದುಹಾಕುವ ಶಸ್ತ್ರಚಿಕಿತ್ಸೆಯೇ ಗತಿಯಾಗುತ್ತಿತ್ತು.

ಜೆಲ್‌ಮೈಟೊದಲ್ಲಿ ಅದೇ ಮೈಟೊಮೈಸಿನ್ನನ್ನು ಬಿಸಿಗೆ ಗಟ್ಟಿಯಾಗುವ ಜೆಲ್ಲಿನಲ್ಲಿ ಬೆರೆಸಿದ್ದಾರೆ. ತಣ್ಣಗೆ ತೆಳ್ಳಗಿರುವಾಗಲೇ ಕ್ಯಾಥೆಟರ್ ಮೂಲಕ ಒಳಕ್ಕೆ ಬಿಡುತ್ತಾರೆ. ಮೈಬಿಸಿಗೆ ಅದು ಅಲ್ಲೇ ಗಟ್ಟಿಯಾಗಿ ಅಂಟಿ ನಿಲ್ಲುತ್ತದೆ. ಮೂತ್ರ ಹರಿದಂತೆಲ್ಲ ನಾಲ್ಕರಿಂದ ಆರು ಗಂಟೆಗಳಲ್ಲಿ ಕರಗುತ್ತಾ ಮದ್ದನ್ನು ಬಿಟ್ಟುಕೊಡುತ್ತದೆ. ವಾರಕ್ಕೊಮ್ಮೆಯಂತೆ ಆರು ವಾರ. ಆ ದಿನಗಳಲ್ಲಿ ಮೂತ್ರ ನೇರಳೆ ಬಣ್ಣಕ್ಕೆ ತಿರುಗಬಹುದು, ಗಾಬರಿ ಬೇಡ ಎಂದು ರೋಗಿಗೆ ಮೊದಲೇ ಹೇಳಿರುತ್ತಾರೆ. ಅಮೆರಿಕದಲ್ಲಿ ಇದಕ್ಕೆ 2020ರ ಏಪ್ರಿಲ್‌ನಲ್ಲಿ ಒಪ್ಪಿಗೆ ಸಿಕ್ಕಿತು. ತೀವ್ರವಲ್ಲದ ಗಡ್ಡೆಗಳಿದ್ದ 71 ಜನರ ಮೇಲೆ ನಡೆದ ಪರೀಕ್ಷೆಯಲ್ಲಿ 42 ಜನರ ಗಡ್ಡೆ, ಚಿಕಿತ್ಸೆ ಮುಗಿಸಿ ನೋಡಿದಾಗ, ಪೂರ್ತಿ ಮಾಯವಾಗಿತ್ತು. ಮೂತ್ರನಾಳ ಕಿರಿದಾಗಿ ತೊಂದರೆಪಟ್ಟವರೂ ಕಡಿಮೆಯಿರಲಿಲ್ಲ, ಅದನ್ನು ಮುಚ್ಚಿಡಬಾರದು. 2025ರಲ್ಲಿ ಇದೇ ಉಪಾಯದ, ಮೂತ್ರಕೋಶದ ಕ್ಯಾನ್ಸರಿನ ಮದ್ದಿಗೂ ಒಪ್ಪಿಗೆ ಬಂತು.

ನನ್ನ ಕ್ಷೇತ್ರದವರ ಕನಸು ಇದಕ್ಕಿಂತ ದೊಡ್ಡದು. ರಕ್ತದ ಪಿಎಚ್ ಸುಮಾರು 7.4; ಗಡ್ಡೆಯ ಸುತ್ತ ಅದಕ್ಕಿಂತ ಸ್ವಲ್ಪ ಹುಳಿ. ಆ ಹುಳಿ ತಗುಲಿದ ಕೂಡಲೇ ಬಿಚ್ಚಿಕೊಳ್ಳುವ ಪಾಲಿಮರ್ ಕಣದೊಳಗೆ ಮದ್ದು ತುಂಬಿ ರಕ್ತನಾಳಕ್ಕೆ ಚುಚ್ಚಿದರೆ, ಅದು ಮೈಯೆಲ್ಲ ಸುತ್ತಿ ಗಡ್ಡೆಯಲ್ಲೇ ಮದ್ದು ಇಳಿಸಬೇಕು. ಇಂಥ ಪ್ರಬಂಧಗಳಿಗೆ ಲೆಕ್ಕವಿಲ್ಲ. ಆದರೆ ಕಣ ಗಡ್ಡೆಯನ್ನು ಮುಟ್ಟಬೇಕಲ್ಲ? ಹತ್ತು ವರ್ಷಗಳ ಪ್ರಾಣಿಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2016ರ ಒಂದು ಅಧ್ಯಯನದ ಪ್ರಕಾರ, ಚುಚ್ಚಿದ ನ್ಯಾನೊ ಕಣಗಳಲ್ಲಿ ಗಡ್ಡೆ ಸೇರುವುದು ಸಾಮಾನ್ಯವಾಗಿ ಶೇಕಡಾ 0.7 ಅಷ್ಟೇ. ಉಳಿದದ್ದರಲ್ಲಿ ಬಹುಪಾಲನ್ನು ಯಕೃತ್ತು, ಗುಲ್ಮಗಳು ಹಿಡಿದುಹಾಕುತ್ತವೆ. ಶಾಖಕ್ಕೆ ಬಿಚ್ಚಿಕೊಳ್ಳುವ ಕೊಬ್ಬಿನ ಕಣಗಳ ಥರ್ಮೊಡಾಕ್ಸ್ ಎಂಬ ಮದ್ದು ಕೂಡ ಯಕೃತ್ತಿನ ಕ್ಯಾನ್ಸರಿನ ದೊಡ್ಡ ಪರೀಕ್ಷೆಯಲ್ಲಿ 2013ರಲ್ಲಿ ಸೋತಿತು.

ಜೆಲ್‌ಮೈಟೊ ಗೆದ್ದದ್ದು ಅದರ ಪಾಲಿಮರ್ ಮಹಾ ಜಾಣ ಎಂದಲ್ಲ. ಅದನ್ನು ನೇರವಾಗಿ ಗಡ್ಡೆಯ ಬಳಿಗೇ ಒಯ್ದು ಬಿಡುತ್ತಾರೆ. ಅದು ಮಾಡಬೇಕಾದ್ದು ಕೆಲವು ಗಂಟೆ ಕಚ್ಚಿಕೊಂಡು ನಿಲ್ಲುವ ಕೆಲಸ ಮಾತ್ರ. ಹೀಗಾಗಿ ‘ಅಡ್ಡಪರಿಣಾಮವೇ ಇಲ್ಲದ ಸ್ಮಾರ್ಟ್ ಮದ್ದು’ ಎಂಬ ಸುದ್ದಿ ಕಂಡಾಗ, ಪ್ರಯೋಗ ನಡೆದದ್ದು ಇಲಿಯ ಮೇಲೋ ಮನುಷ್ಯರ ಮೇಲೋ, ಮದ್ದು ಗಡ್ಡೆಗೆ ತಲುಪಿದ್ದು ಹೇಗೆ ಎಂದು ಹುಡುಕಿ ಓದಿ. ಅಂಥ ಸುದ್ದಿಯನ್ನು ನಂಬಿಕೊಂಡು ಮಾತ್ರ, ದಯವಿಟ್ಟು, ಶುರುವಾಗಿರುವ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡಬೇಡಿ.