ಹಳೆಯ ಸೀರೆ ಹಿಡಿದ ಕಾಲರಾ

ಕಾಲರಾ ಬ್ಯಾಕ್ಟೀರಿಯದ ಉದ್ದ ಮಿಲಿಮೀಟರಿನ ಸಾವಿರದಲ್ಲಿ ಒಂದೆರಡು ಪಾಲು. ಸೀರೆಯ ಎಳೆಗಳ ಸಂದಿಯಲ್ಲಿ ಅಂಥವು ಹಿಂಡುಹಿಂಡಾಗಿ ನುಸುಳಿ ಹೋಗಬಲ್ಲವು. ಆದರೂ ಬಾಂಗ್ಲಾದೇಶದ ಮತ್ಲಬ್ ಸೀಮೆಯಲ್ಲಿ, ನೀರು ಕುದಿಸಲು ಸೌದೆಗೂ ತತ್ವಾರವಿದ್ದ ಹಳ್ಳಿಗಳಲ್ಲಿ, ಹೆಂಗಸರು ಹಳೆಯ ಸೀರೆಯನ್ನು ಮಡಿಸಿ ಕೊಡದ ಬಾಯಿಗೆ ಹಾಸಿ ನೀರು ಸೋಸಿದರು. ಕಾಲರಾ ಶೇ 48ರಷ್ಟು ಇಳಿಯಿತು!

ಅದು ಹೇಗೆ ಸಾಧ್ಯ?

ಇದರ ಹಿಂದಿನ ಗುಟ್ಟನ್ನು ಬಿಡಿಸಿ, ಈ ಉಪಾಯವನ್ನು ಹಳ್ಳಿಗೆ ಒಯ್ದವರು ಅಮೆರಿಕದ ಸೂಕ್ಷ್ಮಜೀವಿ ವಿಜ್ಞಾನಿ ರೀಟಾ ಕೋಲ್ವೆಲ್. 1956ರಲ್ಲಿ ಪದವಿ ಮುಗಿಸಿ ಮುಂದೆ ಓದಲು ಫೆಲೋಶಿಪ್ ಕೇಳಿದಾಗ, ಹೆಂಗಸರಿಗೆ ಕೊಟ್ಟು ಅದನ್ನು ವ್ಯರ್ಥ ಮಾಡುವುದಿಲ್ಲ ಎಂಬ ಉತ್ತರ ಸಿಕ್ಕಿತ್ತು ಅವರಿಗೆ. ಅವರು ಓದಿಯೇ ಓದಿದರು. 1970ರ ದಶಕದಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿದ್ದಾಗ ಪಕ್ಕದ ಚೆಸಪೀಕ್ ಕೊಲ್ಲಿಯ ನೀರಿನಲ್ಲಿ ಕಾಲರಾ ತರುವ ಜಾತಿಯದೇ ಬ್ಯಾಕ್ಟೀರಿಯವನ್ನು ಕಂಡರು. ಕಾಲರಾ ರೋಗಿಗಳೇ ಇಲ್ಲದ ಕಡೆ ಅದು ಬಂದದ್ದಾದರೂ ಎಲ್ಲಿಂದ? ಬಂದದ್ದಲ್ಲ, ಅದು ಅಲ್ಲಿನದೇ! ಮನುಷ್ಯನ ಕರುಳು ಅದಕ್ಕೆ ನಡುವೆ ಸಿಗುವ ತಂಗುದಾಣ ಮಾತ್ರ. ಉಪ್ಪು ನೀರು ಸಿಹಿ ನೀರು ಬೆರೆಯುವ ಅಳಿವೆಯೇ ಅದರ ತವರು.

ಮುಂದಿನದು ಇನ್ನೂ ರೋಮಾಂಚಕ. ಚಳಿಗಾಲದ ನೀರಿನಿಂದ ಅದನ್ನು ಬೆಳೆಸಲು ಹೋದರೆ ಪೆಟ್ರಿ ತಟ್ಟೆ ಖಾಲಿ. ತಟ್ಟೆಯಲ್ಲಿ ಬೆಳೆಯಲಿಲ್ಲವೆಂದರೆ ಸತ್ತಿದೆ ಎಂಬುದು ಅಲ್ಲಿಯವರೆಗಿನ ತಿಳಿವಳಿಕೆ. ಆದರೆ ಹೊಳೆಯುವ ಬಣ್ಣ ಕಟ್ಟಿದ ಪ್ರತಿಕಾಯಗಳನ್ನು ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಅಗೋ, ಮೈ ಮುದುಡಿಕೊಂಡು ಗುಂಡಗಾಗಿ, ಜೀವ ಹಿಡಿದು ಕೂತಿವೆ! 1982ರಲ್ಲಿ ಅವರ ತಂಡ ಇದನ್ನು ಪ್ರಕಟಿಸಿತು. ಬಹುಕಾಲ ಅನೇಕರು ಒಪ್ಪಲಿಲ್ಲ. ಇಂದು ಆಹಾರ ಸುರಕ್ಷತೆಯ ಪ್ರಯೋಗಾಲಯಗಳಿಗೆ ಇದು ದೊಡ್ಡ ಸವಾಲು: ತಟ್ಟೆಯಲ್ಲಿ ಏನೂ ಬೆಳೆಯದ ಮಾತ್ರಕ್ಕೆ ಆ ನೀರೋ ಸಿಂಪಿಯೋ ನಿರಪಾಯ ಎನ್ನುವಂತಿಲ್ಲ.

ಈಗ ಸೀರೆಗೆ ಬರೋಣ. ಈ ಬ್ಯಾಕ್ಟೀರಿಯ ನೀರಿನಲ್ಲಿ ಒಂಟಿಯಾಗಿ ಅಲೆಯುವುದಕ್ಕಿಂತ ಕೋಪೆಪಾಡ್ ಎಂಬ, ಸಿಗಡಿಯ ದೂರದ ನಂಟಿನ ಪುಟ್ಟ ಜೀವಿಯ ಮೈಗೆ ಅಂಟಿಕೊಂಡಿರುವುದೇ ಹೆಚ್ಚು. ಒಂದೊಂದರ ಮೇಲೆ ಸಾವಿರಾರು! ಬ್ಯಾಕ್ಟೀರಿಯ ಬಟ್ಟೆಯಲ್ಲಿ ನುಸುಳೀತು, ಅದನ್ನು ಹೊತ್ತ ಕೋಪೆಪಾಡ್ ನುಸುಳಲಾರದು. ಅದರಲ್ಲೂ ಹೊಸ ಸೀರೆಗಿಂತ ಹಳೆಯದೇ ಮೇಲು: ಒಗೆದು ಒಗೆದು ಎಳೆಗಳು ಜುಂಗುಬಿಟ್ಟು ಸಂದಿಗಳು ಕಿರಿದಾಗಿರುತ್ತವೆ. ಎಷ್ಟೋ ವರ್ಷಗಳ ಸಂಶೋಧನೆ ಕೊನೆಗೆ ಖರ್ಚೇ ಇಲ್ಲದ ಒಂದು ಉಪಾಯವಾಗಿ ಹಳ್ಳಿ ಸೇರಿತು. ಫಲಿತಾಂಶ ಪ್ರಕಟವಾದದ್ದು 2003ರಲ್ಲಿ. ನೀರನ್ನು ಬಟ್ಟೆಯಲ್ಲಿ ಸೋಸಿಯೇ ಕುಡಿಯುವ ನಮ್ಮ ಜೈನ ಮನೆಗಳ ರೂಢಿಯನ್ನು ನಾನೀಗ ಬೇರೆಯೇ ಗೌರವದಿಂದ ನೋಡುತ್ತೇನೆ.

ಕೋಲ್ವೆಲ್ ಅಲ್ಲಿಗೂ ನಿಲ್ಲಲಿಲ್ಲ. ಕಡಲು ಬೆಚ್ಚಗಾದರೆ ಕೋಪೆಪಾಡ್‌ನಂಥ ತೇಲುಜೀವಿಗಳ ಸಮೂಹವಾದ ಪ್ಲಾಂಕ್ಟನ್ ಹೆಚ್ಚುತ್ತದೆ, ಅದರ ಬೆನ್ನಿಗೇ ಕಾಲರಾ. ಹಾಗಾದರೆ ಉಪಗ್ರಹದಿಂದ ಕಡಲಿನ ಶಾಖ, ಬಣ್ಣ ನೋಡಿಯೇ ರೋಗದ ಮುನ್ಸೂಚನೆ ಕೊಡಬಹುದಲ್ಲ! ಆ ಕೆಲಸಕ್ಕೂ ಕೈಹಾಕಿದರು. ಒಮ್ಮೆ ಫೆಲೋಶಿಪ್ ಸಿಗದ ಆ ಹುಡುಗಿ 1998ರಲ್ಲಿ, ಇಡೀ ಅಮೆರಿಕದ ಸಂಶೋಧನೆಗೆ ಹಣ ಹಂಚುವ ನ್ಯಾಷನಲ್ ಸೈನ್ಸ್ ಫೌಂಡೇಶನ್ನಿನ ಮೊದಲ ಮಹಿಳಾ ನಿರ್ದೇಶಕಿಯಾದರು.

ನಿಮ್ಮ ಮನೆಯಲ್ಲಿ ಮೈಕ್ರೋಬಯಾಲಜಿ ಓದುತ್ತಿರುವ ಮಗಳಿದ್ದರೆ, ಇದನ್ನೋದಿ ಏನು ಕೆಲಸ ಸಿಗುತ್ತೆ ಎಂದು ಕೇಳುವ ಮೊದಲು ಕೋಲ್ವೆಲ್ ಕಥೆ ಹೇಳಿ. ಪಿಎಚ್.ಡಿ. ಮಾಡಲು ಮೈಸೂರಿನಲ್ಲೇ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ. ಅರ್ಜಿ ಹಾಕಲಿ.