ಕೆಲಸ ಹೋದ ದಿನ ಅಪ್ಪ ಹೇಳಿದ್ದು

ಕಳೆದ ವರ್ಷ ಒಂದು ಸೋಮವಾರ, ಹದಿನೈದು ನಿಮಿಷದ ವಿಡಿಯೋ ಕಾಲ್‌ನಲ್ಲಿ ನನ್ನ ಕೆಲಸ ಹೋಯಿತು. ಲ್ಯಾಪ್‌ಟಾಪ್ ವಾಪಸ್ ಕೊಟ್ಟು ಮುಳಬಾಗಿಲಿನ ಬಸ್ ಹತ್ತಿದೆ. ಅಪ್ಪ-ಅಮ್ಮ ಇರುವುದು ಹತ್ತಿರದ ಕುರುಡುಮಲೆಯಲ್ಲಿ.

ನಮ್ಮೂರು ಅಂದರೆ ಎಲ್ಲರಿಗೂ ನೆನಪಾಗುವುದು 13.5 ಅಡಿಯ ಗಣೇಶ. ಚುನಾವಣಾ ಪ್ರಚಾರ ಶುರುಮಾಡುವ ರಾಜಕಾರಣಿಗಳೂ ಮೊದಲು ಇಲ್ಲಿಗೇ ಬರುತ್ತಾರೆ. ನಮ್ಮದು ಕ್ರೈಸ್ತ ಮನೆ. ಪಕ್ಕದ ಮನೆ ಅಜ್ಜಿ, "ನಿನ್ನ ಹೆಸರಲ್ಲಿ ಗಣಪ್ಪನಿಗೆ ಒಂದು ಕಾಯಿ ಒಡೆಸ್ತೀನಿ ಬಿಡಪ್ಪ" ಅಂದರು. ಸಭೆಯವರು ಫೋನ್ ಮಾಡಿ, "ದೇವರು ಇದಕ್ಕಿಂತ ಒಳ್ಳೇದು ಇಟ್ಟಿರ್ತಾನೆ" ಅಂದರು. ಅಜ್ಜಿಯ ಮಾತು ಹಿತವಾಗಿತ್ತು, ಸಭೆಯವರ ಮಾತಿಗೆ ಸಿಟ್ಟು ಬಂತು.

ಅಪ್ಪ ಕೆಜಿಎಫ್ ಗಣಿಯಲ್ಲಿದ್ದವರು. 1880ರಿಂದ ನಡೆದುಬಂದ ಗಣಿಗೆ 2001ರ ಫೆಬ್ರವರಿ 28ರಂದು ಬೀಗ ಬಿತ್ತು. ಆಮೇಲೆ ಅಮ್ಮನ ಊರಿಗೆ ಬಂದು ಬೇರೆಯವರ ರೇಷ್ಮೆ ಮನೆಯಲ್ಲಿ ಸೊಪ್ಪು ಹಾಕಿದರು. ರಾತ್ರಿ ಊಟವಾದ ಮೇಲೆ ಕೇಳಿಯೇಬಿಟ್ಟೆ: "ಆಗ ಎಲ್ಲ ಒಳ್ಳೇದಾಗುತ್ತೆ ಅಂತ ನಂಬಿದ್ದೆಯಾ?"

"ಇಲ್ಲ ಮಗ. ಮೂರು ತಿಂಗಳು ದೇವರ ಜೊತೆ ಬರೀ ಜಗಳ. ಒಳ್ಳೇದಾಗುತ್ತೆ ಅಂತ ಗೊತ್ತಿರಲಿಲ್ಲ. ಅವನು ಒಳ್ಳೆಯವನು ಅನ್ನೋದನ್ನ ಮಾತ್ರ ಬಿಡಲಿಲ್ಲ. ಎರಡೂ ಬೇರೆ ಬೇರೆ."

ಆ ರಾತ್ರಿ ಯೋಬನ ಪುಸ್ತಕ ತೆಗೆದೆ. ಎಲ್ಲ ಕಳೆದುಕೊಂಡ ಯೋಬನನ್ನು ನೋಡಲು ಮೂವರು ಸ್ನೇಹಿತರು ಬರುತ್ತಾರೆ. ಏಳು ದಿನ ಮಾತಿಲ್ಲದೆ ಪಕ್ಕದಲ್ಲಿ ಕೂರುತ್ತಾರೆ. ಬಾಯಿ ಬಿಟ್ಟಮೇಲೆ ಅವನ ಕಷ್ಟಕ್ಕೆ ಕಾರಣ ವಿವರಿಸತೊಡಗುತ್ತಾರೆ. ಕೊನೆಗೆ ದೇವರು ಸಿಟ್ಟಾಗುವುದು ಈ ವಿವರಣೆಕಾರರ ಮೇಲೆ. ಕೂಗಾಡಿದ ಯೋಬನೇ ಸರಿಯಾಗಿ ಮಾತಾಡಿದ ಅನ್ನುತ್ತಾನೆ. ಅಂದರೆ ದೂರು ಹೇಳುವುದು ಅಪನಂಬಿಕೆಯಲ್ಲ. ಕೇಳುವವನಿದ್ದಾನೆ ಅಂತ ನಂಬಿದವನೇ ದೂರು ಹೇಳುವುದು.

ಬೆಳಿಗ್ಗೆ ಅಮ್ಮ ಇನ್ನೊಂದು ವಿಷಯ ಹೇಳಿದರು. 2001ರಲ್ಲಿ ನಮ್ಮ ಮನೆಗೆ ಮೊದಲ ರಾಗಿ ಮೂಟೆ ಬಂದದ್ದು ಅದೇ ಅಜ್ಜಿ ಮನೆಯಿಂದ. ದೇವರ ಒಳ್ಳೆಯತನ ಯಾವ ಬಾಗಿಲಿಂದ ಬರುತ್ತೆ ಅಂತ ನಾವು ತೀರ್ಮಾನ ಮಾಡೋಕಾಗಲ್ಲ.

ಐದು ತಿಂಗಳ ಮೇಲೆ ಕೆಲಸ ಸಿಕ್ಕಿತು, ಸಂಬಳ ಕಡಿಮೆ. ಇದನ್ನು ಸಭೆಯಲ್ಲಿ ಸಾಕ್ಷಿ ಅಂತ ಹೇಳಲು ಮನಸ್ಸಾಗಲಿಲ್ಲ; ನನ್ನಷ್ಟೇ ಪ್ರಾರ್ಥಿಸಿದ ಗೆಳೆಯನಿಗೆ ಇನ್ನೂ ಸಿಕ್ಕಿಲ್ಲ. ಅವನಿಗೆ ಕಾರಣ ವಿವರಿಸಲು ಹೋಗಲ್ಲ. ವಾರಕ್ಕೊಮ್ಮೆ ಫೋನ್ ಮಾಡಿ, "ಈ ತಿಂಗಳ ಬಾಡಿಗೆ ಆಯ್ತಾ?" ಅಂತ ಕೇಳ್ತೀನಿ.